ಪರ್ಸೆಂಟೇಜ್ ಬಾರದ ಮಕ್ಕಳಿಗೆ ಲಾಪ್ಲಾಸ್ ಕಲಿಸುವ ಮುಂಚೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಹೋದ ವರ್ಷ ಕೆಲಸಕ್ಕೆ ಸೇರಿದ ಉಪನ್ಯಾಸಕಿ. ಬಿ.ಫಾರ್ಮ್ ಮೊದಲ ಸೆಮಿಸ್ಟರ್‌ಗೆ ಫಾರ್ಮಾಸ್ಯೂಟಿಕ್ಸ್ ಪಾಠ ಮಾಡುತ್ತೇನೆ. ಪಿಯುಸಿ ಸೈನ್ಸ್ ಪಾಸಾಗಿ ಬಂದವರಿಗೇ ಶೇಕಡ ಲೆಕ್ಕ ಬರುವುದಿಲ್ಲ. ಗ್ರಾಂ, ಮಿಲಿಗ್ರಾಂ ತಪ್ಪುತ್ತಾರೆ. ಮೋಲ್ ಅಂದರೆ ಹೆದರುತ್ತಾರೆ. ಕೆಲವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಅವರಂತೂ ಬಾಯೇ ಬಿಡುವುದಿಲ್ಲ. ಸಿಲಬಸ್ ಮುಗಿಸುವುದಕ್ಕೇ ಟೈಮ್ ಸಾಲದು. ಎಲ್ಲಿಂದ ಶುರು ಮಾಡಲಿ? ಡಿ.ಫಾರ್ಮ್ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬರುವವರಿಗೆ ಏನು ಮಾಡಬೇಕು?

ಉತ್ತರ: ಪಿಯುಸಿ ಪುಸ್ತಕಗಳನ್ನು ಮೊದಲ ಪುಟದಿಂದ ಮತ್ತೆ ಶುರು ಮಾಡಲು ಹೋಗಬೇಡಿ ಮೇಡಂ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದಲ್ಲಿ ತಲೆಗೆ ಹತ್ತದ್ದು ಎರಡು ವಾರದ ಬ್ರಿಡ್ಜ್ ಕೋರ್ಸಿನಲ್ಲಿ ಹತ್ತುವುದಿಲ್ಲ. ಅದೂ ಅಲ್ಲದೆ ನಮ್ಮಲ್ಲಿ ಅಡ್ಮಿಷನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೌನ್ಸೆಲಿಂಗ್ ಕೊನೆ ಸುತ್ತಿನಲ್ಲಿ ಸೀಟು ಸಿಕ್ಕವರು ಕ್ಲಾಸು ಶುರುವಾಗಿ ಎಷ್ಟೋ ದಿನದ ಮೇಲೆ ಬರುತ್ತಾರೆ. ಬ್ರಿಡ್ಜ್ ಕೋರ್ಸ್ ಯಾರಿಗೆ ತೀರಾ ಬೇಕಿತ್ತೋ ಅವರೇ ಅದರಲ್ಲಿ ಇರುವುದಿಲ್ಲ. ಬುನಾದಿ ಹಾಕುವ ಕೆಲಸ ಸೆಮಿಸ್ಟರ್ ಉದ್ದಕ್ಕೂ ನಡೆಯಬೇಕು. ನಿಮ್ಮ ಪಾಠದ ಒಳಗೇ ನಡೆಯಬೇಕು. ಕೈಯಲ್ಲಿರುವ ಬಾಟಲಿ, ಮಾತ್ರೆ, ಪ್ಯಾಕೆಟ್ಟಿನ ಮೂಲಕ ನಡೆಯಬೇಕು.

ಇದಕ್ಕೆ ಅಂತಲೇ ಪಿಸಿಐ (ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ) ಪಠ್ಯಕ್ರಮದಲ್ಲಿ ರೆಮಿಡಿಯಲ್ ಪೇಪರ್ ಇದೆ ಅಲ್ವಾ ಅಂತ ನೀವು ಕೇಳಬಹುದು. ಇದೆ. ಪಿಯುಸಿಯಲ್ಲಿ ಗಣಿತ ಓದಿ ಬಯಾಲಜಿ ಓದದವರಿಗೆ ರೆಮಿಡಿಯಲ್ ಬಯಾಲಜಿ. ಬಯಾಲಜಿ ಓದಿ ಗಣಿತ ಬಿಟ್ಟವರಿಗೆ ರೆಮಿಡಿಯಲ್ ಮ್ಯಾಥಮ್ಯಾಟಿಕ್ಸ್. ಆದರೆ ಆ ಮ್ಯಾಥ್ಸ್ ಪೇಪರಿನಲ್ಲಿ ಇರುವುದು ಪಾರ್ಷಿಯಲ್ ಫ್ರಾಕ್ಷನ್, ಲಾಗರಿಥಮ್, ಮ್ಯಾಟ್ರಿಕ್ಸ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಕೊನೆಗೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್. ಮುಂದೆ ಫಾರ್ಮಕೊಕೈನೆಟಿಕ್ಸ್‌ಗೆ, ಅಂದರೆ ಔಷಧ ಮೈಯೊಳಗೆ ಹೇಗೆ ಸೇರಿ ಹೇಗೆ ಹೊರಹೋಗುತ್ತದೆ ಅನ್ನುವ ಲೆಕ್ಕಕ್ಕೆ, ಇವೆಲ್ಲ ಬೇಕು, ನಿಜ. ಆದರೆ ಲಾಪ್ಲಾಸ್ ಬಾಯಿಪಾಠ ಮಾಡಿ ಪಾಸಾದ ಹುಡುಗನನ್ನು, 0.9 ಪರ್ಸೆಂಟ್ ಸಲೈನ್‌ನಲ್ಲಿ ಲೀಟರಿಗೆ ಎಷ್ಟು ಗ್ರಾಂ ಉಪ್ಪಿದೆ ಅಂತ ಕೇಳಿ ನೋಡಿ. 9 ಗ್ರಾಂ ಅಂತ ಹೇಳುವವರು ಬೆರಳೆಣಿಕೆ. ಪಿಸಿಎಂಬಿ ಓದಿ ಬಂದವರದು ಇನ್ನೊಂದು ಕಥೆ. ಅವರು ಹೆಸರಿಗೆ ಎರಡೂ ಓದಿರುತ್ತಾರೆ. ಹಾಗಾಗಿ ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಯಾರೂ ನೋಡುವುದೇ ಇಲ್ಲ. ಫಾರ್ಮಾಸ್ಯೂಟಿಕಲ್ ಕ್ಯಾಲ್ಕುಲೇಷನ್ಸ್ ಇರುವುದು ನಿಮ್ಮ ಪೇಪರಿನಲ್ಲೇ. ಹಾಗಾಗಿ ಈ ಜವಾಬ್ದಾರಿ ನಿಮಗೆ ಬಂದಿರುವುದು ಸರಿಯಾಗಿಯೇ ಇದೆ.

ಮೊದಲ ವಾರದಲ್ಲಿ ಅರ್ಧ ಗಂಟೆ ತೆಗೆದುಕೊಳ್ಳಿ. ಹತ್ತು ಪ್ರಶ್ನೆ ಕೊಡಿ. ಮಾರ್ಕ್ಸ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ ಅಂತ ಮೊದಲೇ ಹೇಳಿ. ಪ್ರಶ್ನೆಗಳು ಹೀಗಿರಲಿ: 0.25 ಗ್ರಾಂ ಅಂದರೆ ಎಷ್ಟು ಮಿಲಿಗ್ರಾಂ? 2 ಪರ್ಸೆಂಟ್ ದ್ರಾವಣ 150 ಮಿ.ಲೀ. ಮಾಡಲು ಎಷ್ಟು ಗ್ರಾಂ ಪುಡಿ ಬೇಕು? 1:1000 ಅಂತ ಬರೆದ ಅಡ್ರಿನಲಿನ್ ಇಂಜೆಕ್ಷನ್‌ನ 1 ಮಿ.ಲೀ.ನಲ್ಲಿ ಎಷ್ಟು ಮಿಲಿಗ್ರಾಂ ಔಷಧ ಇದೆ? ಪಿಎಚ್ 3 ಮತ್ತು ಪಿಎಚ್ 5, ಇವುಗಳಲ್ಲಿ ಯಾವುದು ಜಾಸ್ತಿ ಆಮ್ಲೀಯ, ಎಷ್ಟು ಪಟ್ಟು? ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದು ಹೆಚ್ಚಾಗಿ ಯಾವ ಜಾಗದಿಂದ?

ಉತ್ತರಗಳಲ್ಲಿ ಸರಿ, ತಪ್ಪು ಎಣಿಸಿ ಬಿಟ್ಟುಬಿಡಬೇಡಿ. ತಪ್ಪು ಯಾವ ಥರದ್ದು ಅಂತ ನೋಡಿ. 0.25 ಗ್ರಾಂ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಸರಿ ಉತ್ತರ 250. ಒಬ್ಬ 25 ಅಂತ ಬರೆದಿರುತ್ತಾನೆ. ಅವನಿಗೆ ಮೀಟರು, ಸೆಂಟಿಮೀಟರಿನ ನೂರರ ಲೆಕ್ಕ ರೂಢಿಯಾಗಿದೆ. ಮಿಲಿ ಅಂದರೆ ಸಾವಿರದಲ್ಲಿ ಒಂದು ಅಂತ ಗೊತ್ತಾದರೆ ಸಾಕು, ಹತ್ತು ನಿಮಿಷದಲ್ಲಿ ಸರಿಹೋಗುತ್ತಾನೆ. ಇನ್ನೊಬ್ಬಳು 0.00025 ಅಂತ ಬರೆದಿರುತ್ತಾಳೆ. ಸಾವಿರ ಅವಳಿಗೆ ಗೊತ್ತು. ಆದರೆ ಗುಣಿಸುವ ಕಡೆ ಭಾಗಿಸಿದ್ದಾಳೆ. ಉತ್ತರ ನೋಡಿದ ಮೇಲೂ ಅನುಮಾನ ಬಂದಿಲ್ಲ. ಇದು ಮೊದಲಿನದಕ್ಕಿಂತ ದೊಡ್ಡ ತೊಂದರೆ, ಯಾಕೆಂದರೆ ಅವಳಿಗೆ ಅಳತೆಯ ಅಂದಾಜೇ ಇಲ್ಲ. ಅವಳ ಕೈಗೆ 500 ಮಿ.ಗ್ರಾಂ. ಮಾತ್ರೆಯ ಸ್ಟ್ರಿಪ್ ಕೊಡಿ. ಬ್ಯಾಲೆನ್ಸ್ ಮುಂದೆ ಕೂರಿಸಿ ಒಂದು ಮಾತ್ರೆ ತೂಗಿಸಿ. ತೂಕ 500ಕ್ಕಿಂತ ಜಾಸ್ತಿ ಬರುತ್ತದೆ. ಯಾಕೆ ಅಂತ ಕೇಳಿ. ಎಕ್ಸಿಪಿಯೆಂಟ್ (ಮಾತ್ರೆಯಲ್ಲಿ ಔಷಧದ ಜೊತೆ ಸೇರಿಸುವ ಬೇರೆ ಪದಾರ್ಥ) ಪಾಠ ಅಲ್ಲೇ ಶುರುವಾಗುತ್ತದೆ, ಮಿಲಿಗ್ರಾಂ ಎಷ್ಟು ಅನ್ನುವುದೂ ಕೈಗೆ ಸಿಗುತ್ತದೆ. ಮೂರನೆಯವನು ಖಾಲಿ ಬಿಟ್ಟಿರುತ್ತಾನೆ. ಅವನಿಗೆ ಲೆಕ್ಕ ಬರಲ್ಲ ಅಂತ ತೀರ್ಮಾನಿಸಬೇಡಿ. ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದೆ ಬಿಟ್ಟಿರಬಹುದು. ಪಕ್ಕಕ್ಕೆ ಕರೆದು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ಎಷ್ಟೋ ಸಲ ಉತ್ತರ ಥಟ್ಟನೆ ಬರುತ್ತದೆ.

ಈ ಮೂವರಿಗೂ ಒಂದೇ ಬ್ರಿಡ್ಜ್ ಕೋರ್ಸ್ ಮಾಡಿದರೆ ಮೂವರಿಗೂ ಉಪಯೋಗವಿಲ್ಲ. ಮೂವರನ್ನೂ ಸೇರಿಸಿ ‘ವೀಕ್ ಸ್ಟೂಡೆಂಟ್ಸ್’ ಅಂತ ಪಟ್ಟಿ ಮಾಡಿದರಂತೂ ಅನ್ಯಾಯ. ಆ ಹೆಸರು ಒಮ್ಮೆ ಬಿದ್ದರೆ ಮಕ್ಕಳು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ.

ಲೆಕ್ಕದಲ್ಲಿ ಎರಡು ಅಭ್ಯಾಸ ಹಿಡಿಸಿ. ಪ್ರತಿ ಸಂಖ್ಯೆಯ ಪಕ್ಕ ಯೂನಿಟ್ ಬರೆಯಬೇಕು. ಲೆಕ್ಕ ಶುರು ಮಾಡುವ ಮುಂಚೆ ಅಂದಾಜು ಬರೆಯಬೇಕು. 12 ಕೆ.ಜಿ. ತೂಕದ ಮಗುವಿಗೆ ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ.ನಂತೆ ಬರೆದಿದ್ದಾರೆ ಅನ್ನಿ. ಒಂದು ಡೋಸಿಗೆ 180 ಮಿ.ಗ್ರಾಂ. ಆಯಿತು. ಬಾಟಲಿ ಮೇಲೆ 5 ಮಿ.ಲೀ.ಗೆ 250 ಮಿ.ಗ್ರಾಂ. ಅಂತಿದೆ. ಈಗ ಪೆನ್ನು ಕೆಳಗಿಡಿಸಿ ಕೇಳಿ: ಉತ್ತರ 5 ಮಿ.ಲೀ.ಗಿಂತ ಜಾಸ್ತಿಯೋ ಕಮ್ಮಿಯೋ? ಅರ್ಧಕ್ಕಿಂತ ಜಾಸ್ತಿಯೋ? ಎಲ್ಲರೂ ಕೈ ಎತ್ತಿ ಹೇಳಿದ ಮೇಲೆ ಲೆಕ್ಕ ಮಾಡಲಿ. 3.6 ಮಿ.ಲೀ. ಬರುತ್ತದೆ. ಆಮೇಲೆ ಅದೇ ಔಷಧದ ಡ್ರಾಪ್ಸ್ ಬಾಟಲಿ ಕೈಗೆ ಕೊಡಿ. ಅದರಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ. ಇಲ್ಲಿ 1.8 ಮಿ.ಲೀ. ಸಾಕು. ಸಿರಪ್ ಲೆಕ್ಕ ಇಟ್ಟುಕೊಂಡು ಡ್ರಾಪ್ಸನ್ನು 3.6 ಮಿ.ಲೀ. ಕೊಟ್ಟರೆ ಮಗುವಿನ ಹೊಟ್ಟೆಗೆ 360 ಮಿ.ಗ್ರಾಂ. ಹೋಗುತ್ತದೆ, ಸರಿಯಾದ ಡೋಸಿನ ಎರಡರಷ್ಟು. ಅದನ್ನು ದಿನಕ್ಕೆ ನಾಲ್ಕು ಸಲ ಕೊಟ್ಟರೆ ಯಾವ ಅಂಗಕ್ಕೆ ಪೆಟ್ಟು ಅಂತ ಕೇಳಿ. ಲಿವರ್ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ತ್ರೈರಾಶಿ ಲೆಕ್ಕ ಯಾಕೆ ಕಲಿಯಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಕೆಮಿಸ್ಟ್ರಿಗೆ ನಾನು ಎಲ್ಲರಿಗೂ ಹೇಳುವುದು ಒಂದೇ: ಓಆರ್‌ಎಸ್ ಪ್ಯಾಕೆಟ್. ಮೋಲ್, ಅಯಾನ್, ಆಸ್ಮೋಲಾರಿಟಿ (ಒಂದು ಲೀಟರಿನಲ್ಲಿ ಕರಗಿರುವ ಒಟ್ಟು ಕಣಗಳ ಲೆಕ್ಕ), ಸಣ್ಣ ಕರುಳು, ಎಲ್ಲ ಅದರೊಳಗಿದೆ. ಮೆಡಿಕಲ್ ಶಾಪಿನಿಂದ ತಂದು ಒಬ್ಬೊಬ್ಬರಿಗೂ ಒಂದೊಂದು ಕೊಡಿ. ಹಿಂದೆ ಬರೆದಿರುವುದನ್ನು ಓದಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಫಾರ್ಮುಲಾದ ಪ್ರಕಾರ 1 ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಒಟ್ಟು 20.5 ಗ್ರಾಂ.

ಮೊದಲ ಕ್ಲಾಸಿನಲ್ಲಿ ಇಷ್ಟೇ ಮಾಡಿ: ಗ್ರಾಂಗಳನ್ನು ಮೋಲ್‌ಗೆ ಬದಲಾಯಿಸಿ. ಸೋಡಿಯಂ ಕ್ಲೋರೈಡ್‌ನ ಅಣುತೂಕ 58.5. 2.6ನ್ನು ಅದರಿಂದ ಭಾಗಿಸಿದರೆ ಸುಮಾರು 45 ಮಿಲಿಮೋಲ್. ಪೊಟ್ಯಾಸಿಯಂ ಕ್ಲೋರೈಡ್ 74.5, ಅದು 20 ಮಿಲಿಮೋಲ್. ಗ್ಲೂಕೋಸ್ 180, ಅದು 75. ಸಿಟ್ರೇಟ್ ಉಪ್ಪು 294, ಅದು ಸುಮಾರು 10. ಮೋಲ್ ಅಂದರೆ ಹೆದರುವ ಮಕ್ಕಳು ನಾಲ್ಕು ಭಾಗಾಕಾರ ಮಾಡಿದ ಮೇಲೆ, ಇಷ್ಟೇನಾ ಅನ್ನುತ್ತಾರೆ.

ಎರಡನೇ ಕ್ಲಾಸಿನಲ್ಲಿ ಅಯಾನ್‌ಗಳು. ನೀರಿಗೆ ಬಿದ್ದ ಉಪ್ಪು ಒಡೆಯುತ್ತದೆ ಅಂತ ಬರೆಸಿ. ಸೋಡಿಯಂ ಎಷ್ಟು? ಕ್ಲೋರೈಡ್ ಉಪ್ಪಿನಿಂದ 45 ಬಂತು. ಅಲ್ಲಿಗೆ ನಿಲ್ಲಿಸುವವರು ಬಹಳ ಜನ. ಸಿಟ್ರೇಟ್ ಉಪ್ಪಿನಲ್ಲಿ ಮೂರು ಸೋಡಿಯಂ ಇವೆ ಅಂತ ನೆನಪಿಸಿ. 30 ಸೇರಿತು, ಒಟ್ಟು 75. ಕ್ಲೋರೈಡ್ 45, ಅದರ ಜೊತೆ ಪೊಟ್ಯಾಸಿಯಂ ಉಪ್ಪಿನಿಂದ 20, ಒಟ್ಟು 65. ಪೊಟ್ಯಾಸಿಯಂ 20, ಸಿಟ್ರೇಟ್ 10. ಗ್ಲೂಕೋಸ್ ಒಡೆಯುವುದಿಲ್ಲ, ಅದು 75 ಆಗಿಯೇ ಉಳಿಯುತ್ತದೆ. ಯಾಕೆ ಒಡೆಯುವುದಿಲ್ಲ? ಅಯಾನಿಕ್, ಕೋವೇಲೆಂಟ್ ಬಾಂಡ್ ಪಾಠ ಇಲ್ಲಿ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಎಲ್ಲ ಕೂಡಿಸಿ: 245. ಪ್ಯಾಕೆಟ್ ಹಿಂದೆ ಅಚ್ಚಾಗಿರುವ ಒಟ್ಟು ಆಸ್ಮೋಲಾರಿಟಿಯೂ 245. ತಾವೇ ಕೂಡಿಸಿದ ಲೆಕ್ಕ ಪ್ಯಾಕೆಟ್ ಮೇಲಿನ ಸಂಖ್ಯೆಗೆ ತಾಳೆಯಾದಾಗ ಮಕ್ಕಳ ಮುಖ ನೋಡಬೇಕು ನೀವು.

ಮೂರನೇ ಕ್ಲಾಸು ನನಗೆ ಎಲ್ಲಕ್ಕಿಂತ ಇಷ್ಟ. ರಕ್ತದ ಆಸ್ಮೋಲಾರಿಟಿ ಸುಮಾರು 290. ಹಳೆಯ ಓಆರ್‌ಎಸ್ 311 ಇತ್ತು, ರಕ್ತಕ್ಕಿಂತ ಜಾಸ್ತಿ. 2002ರಲ್ಲಿ ಅದನ್ನು 245ಕ್ಕೆ ಇಳಿಸಿದರು. ಇಳಿಸಿದರೆ ನೀರು ಯಾವ ಕಡೆ ಹರಿಯುತ್ತದೆ ಅಂತ ಕೇಳಿ. ಆಮೇಲೆ ಅಂಗಡಿಯಲ್ಲಿ ದಿನಾ ನಡೆಯುವ ವಿಷಯಕ್ಕೆ ಬನ್ನಿ. ಭೇದಿ ಆಗಿರುವ ಮಗುವಿಗೆ ತಾಯಿ ಒಂದು ಲೀಟರಿನ ಇಡೀ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ, ಅಂದರೆ 200 ಮಿ.ಲೀ.ಗೆ ಸುರಿದರೆ ಏನಾಗುತ್ತದೆ? ನೀರು ಐದರಲ್ಲಿ ಒಂದು ಭಾಗ, ಹಾಗಾಗಿ ಗಾಢತೆ ಐದು ಪಟ್ಟು. 245ನ್ನು 5ರಿಂದ ಗುಣಿಸಿದರೆ 1225. ರಕ್ತದ ನಾಲ್ಕು ಪಟ್ಟಿಗೂ ಜಾಸ್ತಿ. ನೀರು ಕರುಳಿನಿಂದ ರಕ್ತಕ್ಕೆ ಹೋಗುವ ಬದಲು ರಕ್ತದಿಂದ ಕರುಳಿಗೆ ಬರುತ್ತದೆ. ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರುವ ಅಪಾಯವೂ ಇದೆ. ಫಾರ್ಮಸಿಸ್ಟ್ ‘ಒಂದು ಲೀಟರ್ ನೀರಿಗೆ ಹಾಕಿ’ ಅಂತ ಬಾಯಿಬಿಟ್ಟು ಹೇಳಲೇಬೇಕು ಅನ್ನುವುದು ಈ ಗುಣಾಕಾರದಿಂದ ಅರ್ಥವಾಗುತ್ತದೆ.

ಬಯಾಲಜಿ ಕಡೆಯಿಂದಲೂ ಅದೇ ಪ್ಯಾಕೆಟ್ ಸಾಕು. ಸಕ್ಕರೆ ಯಾಕೆ ಹಾಕಿದ್ದಾರೆ, ರುಚಿಗಾ? ಅಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿ ಒಳಗೆ ಎಳೆದುಕೊಳ್ಳುವ ಪ್ರೋಟೀನ್ ಇದೆ. ಅವು ಒಳಗೆ ಹೋದರೆ ಹಿಂದೆಯೇ ನೀರು ಹೋಗುತ್ತದೆ. ಕಾಲರಾ ಬಂದಾಗಲೂ ಆ ಪ್ರೋಟೀನ್ ಕೆಲಸ ಮಾಡುತ್ತಿರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಸಲೈನ್ ಬಾಟಲಿಗಳು ಸಾಲದೆ, ಡಾ. ದಿಲೀಪ್ ಮಹಲಾನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಬಂತು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ತಾವು ಕಲಿಯುತ್ತಿರುವ ಲೆಕ್ಕ ಯಾರ ಜೀವ ಉಳಿಸಿದೆ ಅಂತ ಅವರಿಗೆ ಗೊತ್ತಾಗಬೇಕು.

ಲಾಗರಿಥಮ್‌ಗೆ ಪಿಎಚ್‌ನಿಂದಲೇ ಹೋಗಿ. ಲಾಗ್ ಟೇಬಲ್ ತೆಗೆಸುವ ಮುಂಚೆ ಒಂದು ವಿಷಯ ಗಟ್ಟಿಯಾಗಲಿ: ಪಿಎಚ್ ಒಂದು ಮೆಟ್ಟಿಲು ಇಳಿದರೆ ಆಮ್ಲ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. ಆಮೇಲೆ ಆಸ್ಪಿರಿನ್ ತನ್ನಿ. ಅದರ ಪಿಕೆಎ, ಅಂದರೆ ಅರ್ಧ ಅಣುಗಳು ಅಯಾನ್ ಆಗಿರುವ ಪಿಎಚ್, 3.5. ಹೊಟ್ಟೆಯ ಪಿಎಚ್ 1.5 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 2. ಅಂದರೆ ನೂರು ಅಣು ಹಾಗೇ ಇದ್ದರೆ ಒಂದು ಮಾತ್ರ ಅಯಾನ್ ಆಗಿರುತ್ತದೆ. ರಕ್ತದ ಪಿಎಚ್ 7.4, ವ್ಯತ್ಯಾಸ 3.9. ಅಲ್ಲಿ ಲೆಕ್ಕ ತಿರುಗುಮುರುಗು, ಒಂದು ಅಣು ಹಾಗೇ ಇದ್ದರೆ ಸುಮಾರು 8000 ಅಯಾನ್ ಆಗಿರುತ್ತವೆ. ಅಯಾನ್ ಆಗದ ಅಣುವೇ ಸುಲಭವಾಗಿ ಪೊರೆ ದಾಟುವುದು. ಹಾಗಾದರೆ ಆಸ್ಪಿರಿನ್ ಪೂರ್ತಿ ಹೊಟ್ಟೆಯಲ್ಲೇ ಹೀರಿಕೊಳ್ಳುತ್ತದಾ ಅಂತ ಜಾಣರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹೆಚ್ಚಿನದು ಸಣ್ಣ ಕರುಳಿನಲ್ಲೇ ಆಗುತ್ತದೆ, ಯಾಕೆಂದರೆ ಅಲ್ಲಿನ ಮೇಲ್ಮೈ ಅಷ್ಟು ವಿಶಾಲ. ಸೂತ್ರ ಒಂದನ್ನೇ ನಂಬಬಾರದು ಅನ್ನುವುದೂ ಆ ಉತ್ತರದಲ್ಲೇ ಇದೆ.

ಪಿಸಿಎಂ ಅಥವಾ ಕಂಪ್ಯೂಟರ್ ಸೈನ್ಸ್ ಓದಿ ಬಂದವರಿಗೆ ಅನಾಟಮಿ ಅಂದರೆ ಹೆಸರುಗಳ ರಾಶಿ. ಅವರಿಗೆ ಒಂದು ಮಾತ್ರೆಯ ದಾರಿ ಬರೆಸಿ. ಬಾಯಿ, ಹೊಟ್ಟೆ, ಸಣ್ಣ ಕರುಳು, ಪೋರ್ಟಲ್ ವೇನ್, ಲಿವರ್, ಹೃದಯದ ಬಲಭಾಗ, ಶ್ವಾಸಕೋಶ, ಹೃದಯದ ಎಡಭಾಗ, ಮೈಯೆಲ್ಲ, ಕೊನೆಗೆ ಕಿಡ್ನಿ. ಇದನ್ನು ನೋಡದೆ ಬರೆಯಲು ಬಂದರೆ ಅರ್ಧ ಸೆಮಿಸ್ಟರಿನ ಪಾಠಕ್ಕೆ ಜಾಗ ಸಿಕ್ಕಿತು. ಆಮೇಲೆ ಕೇಳಿ: ಎದೆನೋವಿಗೆ ಗ್ಲಿಸರಿಲ್ ಟ್ರೈನೈಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಯಾಕೆ ಇಡುತ್ತಾರೆ? ದಾರಿ ಬರೆದವರು ತಾವೇ ಕಂಡುಕೊಳ್ಳುತ್ತಾರೆ. ಅದು ಲಿವರನ್ನು ತಪ್ಪಿಸಿ ನೇರ ರಕ್ತಕ್ಕೆ ಸೇರುತ್ತದೆ. ನುಂಗಿದ್ದರೆ ಬಹುಪಾಲು ಲಿವರಿನಲ್ಲೇ ಹಾಳಾಗುತ್ತಿತ್ತು. ಕಿಡ್ನಿ ಪಾಠದಲ್ಲಿ ಗಣಿತವನ್ನೂ ಸೇರಿಸಿ. ನಿಮಿಷಕ್ಕೆ 125 ಮಿ.ಲೀ. ಸೋಸಿದರೆ ದಿನಕ್ಕೆ 180 ಲೀಟರ್. ಮೂತ್ರ ಮಾತ್ರ ಒಂದೂವರೆ ಲೀಟರ್. ಉಳಿದದ್ದು ಎಲ್ಲಿ ಹೋಯಿತು?

ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ಹೇಳಲೇಬೇಕು. ಅವರಿಗೆ ವಿಷಯ ಗೊತ್ತಿಲ್ಲ ಅಂತ ಅಂದುಕೊಳ್ಳುವುದು ನಮ್ಮ ಕಾಲೇಜುಗಳಲ್ಲಿ ಬೇರೂರಿದ ತಪ್ಪು. ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಅಭಿಸರಣೆ, ಪ್ರತ್ಯಾಮ್ಲ, ಹೃತ್ಕುಕ್ಷಿ ಎಲ್ಲ ಚೆನ್ನಾಗಿ ಓದಿರುತ್ತಾರೆ. ಆಸ್ಮೋಸಿಸ್, ಬೇಸ್, ವೆಂಟ್ರಿಕಲ್ ಅಂದಾಗ ಹೊಸ ವಿಷಯ ಅಂತ ಗಾಬರಿಯಾಗುತ್ತಾರೆ. ಪ್ರತಿ ಪಾಠದ ಶುರುವಿಗೆ ಬೋರ್ಡಿನ ಒಂದು ಮೂಲೆಯಲ್ಲಿ ಆ ದಿನದ ಐದಾರು ಪದಗಳನ್ನು ಎರಡೂ ಭಾಷೆಯಲ್ಲಿ ಬರೆಯಿರಿ. ಹೊಸ ವಿಷಯವನ್ನು ಮೊದಲು ಕನ್ನಡದಲ್ಲಿ ವಿವರಿಸಿ, ಬರೆಯುವುದನ್ನು ಇಂಗ್ಲಿಷಿನಲ್ಲಿ ಬರೆಸಿ, ಯಾಕೆಂದರೆ ಪರೀಕ್ಷೆ ಇಂಗ್ಲಿಷಿನಲ್ಲೇ ಇದೆ. ಲ್ಯಾಬಿನಲ್ಲಿ ಅವರು ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲೇ ಉತ್ತರಿಸಿ. ಬಾಯಿ ಬಿಡಲು ಅಷ್ಟು ಸಾಕು. ಮುಂದೆ ಕೌಂಟರಿನಲ್ಲಿ ನಿಂತು ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಅಂತ ಅಜ್ಜಿಯೊಬ್ಬರಿಗೆ ತಿಳಿಸಿ ಹೇಳುವಾಗ ಈ ಮಕ್ಕಳೇ ಎಲ್ಲರಿಗಿಂತ ಮುಂದೆ ಇರುತ್ತಾರೆ.

ಟೈಮ್ ಎಲ್ಲಿಂದ ತರುವುದು ಅಂತ ಕೇಳಿದ್ದೀರಿ. ಪ್ರತ್ಯೇಕ ಪೀರಿಯಡ್ ಬೇಡ. ಪ್ರತಿ ಪ್ರಾಕ್ಟಿಕಲ್‌ನ ಮೊದಲ ಹದಿನೈದು ನಿಮಿಷ ಸಾಕು. ಆ ದಿನ ಮಾಡುವ ತಯಾರಿಯ ಲೆಕ್ಕವನ್ನೇ ಕೊಡಿ, ಲೆಕ್ಕ ಸರಿಯಾದವರು ಮಾತ್ರ ಬ್ಯಾಲೆನ್ಸ್ ಹತ್ತಿರ ಹೋಗಲಿ. 95 ಪರ್ಸೆಂಟ್ ಆಲ್ಕೋಹಾಲ್‌ನಿಂದ 70 ಪರ್ಸೆಂಟಿನದು 500 ಮಿ.ಲೀ. ಮಾಡುವ ದಿನ, 368 ಮಿ.ಲೀ. ಆಲ್ಕೋಹಾಲ್ ಬೇಕು ಅಂತ ಮೊದಲು ಕಾಗದದ ಮೇಲೆ ಬರಲಿ. ಬಾಕಿ 132 ಮಿ.ಲೀ. ನೀರು ಅಳೆದು ಸುರಿಯಲು ಬಿಡಿ. ಒಟ್ಟು 500 ಮುಟ್ಟುವುದಿಲ್ಲ, ಯಾಕೆಂದರೆ ಆಲ್ಕೋಹಾಲ್ ಮತ್ತು ನೀರು ಸೇರಿದಾಗ ಗಾತ್ರ ಕುಗ್ಗುತ್ತದೆ. 500ರ ಗೆರೆಯವರೆಗೆ ನೀರು ತುಂಬಿಸಬೇಕು ಅಂತ ಪುಸ್ತಕ ಹೇಳುವುದು ಅದಕ್ಕೇ. ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಮೊದಲ ತಿಂಗಳು ಕ್ಯಾಲ್ಕುಲೇಟರ್ ಬೇಡವೇ ಬೇಡ. ಕಲಿಸಿದ ಪ್ರಶ್ನೆಯನ್ನು ಒಂದು ವಾರ ಬಿಟ್ಟು ಸಂಖ್ಯೆ ಬದಲಾಯಿಸಿ ಮತ್ತೆ ಕೊಡಿ, ತಿಂಗಳು ಬಿಟ್ಟು ಇನ್ನೊಮ್ಮೆ. ಸೆಷನಲ್ ಪರೀಕ್ಷೆಯಲ್ಲೂ ಹಳೆಯದೊಂದು ಇರಲಿ. ಮಕ್ಕಳು ಮನೆಯಲ್ಲಿ ಓದುತ್ತೇವೆ ಅಂದರೆ ಪ್ರಥಮ ಪಿಯುಸಿ ಕೆಮಿಸ್ಟ್ರಿಯ ಮೊದಲ ಅಧ್ಯಾಯ ಮತ್ತು ಈಕ್ವಿಲಿಬ್ರಿಯಂ ಅಧ್ಯಾಯ ಹೇಳಿ. ಸದ್ಯಕ್ಕೆ ಅಷ್ಟೇ ಸಾಕು.

ಇನ್ನು ಡಿ.ಫಾರ್ಮ್ ಮುಗಿಸಿ ಮೂರನೇ ಸೆಮಿಸ್ಟರಿಗೆ ಬರುವವರು. ಔಷಧದ ಹೆಸರು, ಡೋಸು, ಲೇಬಲ್ ಅವರಿಗೆ ಬಾಯಲ್ಲೇ ಇರುತ್ತದೆ. ಕೆಲವರು ಅಂಗಡಿಯಲ್ಲಿ ಕೆಲಸ ಮಾಡಿಯೂ ಬಂದಿರುತ್ತಾರೆ. ಸಾಮಾನ್ಯವಾಗಿ ಅವರು ಎಡವುವುದು ಗ್ರಾಫ್ ಮತ್ತು ಲಾಗ್‌ನಲ್ಲಿ. ಫಿಸಿಕಲ್ ಫಾರ್ಮಾಸ್ಯೂಟಿಕ್ಸ್ ಎರಡನ್ನೂ ಕೇಳುತ್ತದೆ. ಅವರಿಗೆ ಒಂದು ಗ್ರಾಫ್ ಶೀಟು ಕೊಟ್ಟು ಕೂರಿಸಿ. ರಕ್ತದಲ್ಲಿ ಔಷಧದ ಪ್ರಮಾಣ ಮೊದಲು 80, ನಾಲ್ಕು ಗಂಟೆಗೆ 40, ಎಂಟಕ್ಕೆ 20, ಹನ್ನೆರಡಕ್ಕೆ 10. ಹಾಗೇ ಚುಕ್ಕೆ ಇಟ್ಟರೆ ಗೆರೆ ಬಾಗುತ್ತದೆ. ಅದೇ ಸಂಖ್ಯೆಗಳ ಲಾಗ್ ತೆಗೆಸಿ: 1.903, 1.602, 1.301, 1. ಈಗ ಗೆರೆ ನೆಟ್ಟಗೆ ಬರುತ್ತದೆ. ಒಂದೊಂದು ಮೆಟ್ಟಿಲಿಗೂ ಇಳಿದದ್ದು ಎಷ್ಟು ಅಂತ ಅವರೇ ಕಳೆಯಲಿ. ಪ್ರತಿ ಸಲವೂ 0.301, ಅದು 2ರ ಲಾಗ್. ಅದನ್ನು 2.303ರಿಂದ ಗುಣಿಸಿದರೆ 0.693, ಹಾಫ್ ಲೈಫ್ (ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸೂತ್ರದಲ್ಲಿ ಇರುವ ಸಂಖ್ಯೆ. ಅದನ್ನು 4 ಗಂಟೆಯಿಂದ ಭಾಗಿಸಿದರೆ ಗಂಟೆಗೆ 0.173, ಅದೇ ರೇಟ್ ಕಾನ್‌ಸ್ಟೆಂಟ್. ನಾಲ್ಕನೇ ಸೆಮಿಸ್ಟರಿನ ಡ್ರಗ್ ಸ್ಟೆಬಿಲಿಟಿಗೂ ಆರನೆಯ ಸೆಮಿಸ್ಟರಿನ ಫಾರ್ಮಕೊಕೈನೆಟಿಕ್ಸ್‌ಗೂ ಈ ಒಂದು ಹಾಳೆ ಬೇಕಾಗುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಅಂಟಿಸಿಕೊಳ್ಳಲು ಹೇಳಿ.